ಒಂದು ನಕಲು ಕೀಲಿಕೈ, ಎರಡು ಅಸಲು ಕೈ

ಮಾನ್ಯರೇ,

ನಿಮ್ಮ ಕಚೇರಿಯ ಉಕ್ಕಿನ ಕಪಾಟಿನಲ್ಲಿ, ಬಿಳಿ ಬಟ್ಟೆಯ ಚೀಲದೊಳಗೆ, ಅರಗಿನ ಮೊಹರು ಹಾಕಿಸಿಕೊಂಡು ಎರಡು ದಿನಗಳಿಂದ ಮಲಗಿದ್ದ ಹೆಬ್ಬೆರಳು ಗಾತ್ರದ ವಸ್ತುವೊಂದು ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಕಾರ್ಖಾನೆಯಲ್ಲಿ ಒಬ್ಬ ಮನುಷ್ಯನ ಎರಡೂ ಕೈಗಳನ್ನು ಜಜ್ಜಿ ಅವರನ್ನು ಕೊಂದಿತು ಎಂದು ನೀವು ನ್ಯಾಯಾಲಯಕ್ಕೆ ಬರೆದುಕೊಟ್ಟಿದ್ದೀರಿ. ಬರೆದು ಸಹಿ ಮಾಡಿದ್ದೀರಿ. ಸಹಿಯ ಕೆಳಗೆ ಹುದ್ದೆಯ ಮೊಹರೂ ಇದೆ: ಮುಖ್ಯ ಅಧಿಕಾರಿ, ಪರವಾನಗಿ ಉಲ್ಲಂಘನೆ ತಡೆ ಕಚೇರಿ. ಆ ವಸ್ತುವನ್ನು ಮಾಡಿದವನು ನನ್ನ ತಮ್ಮ. ಬರುವ ಸೋಮವಾರ ಆ ಸಾವಿನ ಹೊಣೆಯನ್ನು ಅವನ ತಲೆಗೆ ಕಟ್ಟಲು ನೀವು ಅರವತ್ತೊಂದು ಪುಟಗಳ ಆರೋಪಪಟ್ಟಿ ಸಿದ್ಧ ಮಾಡಿಕೊಂಡಿದ್ದೀರಿ. ಅದರಲ್ಲಿ ನಿಲ್ಲುವ ಮಾತು ಯಾವುದು, ಬೀಳುವ ಮಾತು ಯಾವುದು ಎಂದು ಸೋಮವಾರಕ್ಕೆ ಮುಂಚೆ ಎಲ್ಲರೂ ಓದಲಿ ಎಂದೇ ಈ ಪತ್ರವನ್ನು ನಿಮ್ಮ ಕಚೇರಿಯ ಟಪಾಲು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ಆ ಪೆಟ್ಟಿಗೆಗೆ ಮೂರು ಪತ್ರ ಹಾಕಿ ನೋಡಿಯಾಗಿದೆ.

ಮೊದಲು ಯಂತ್ರದ ವಿಷಯ. ನಿಮ್ಮ ವರದಿ ಅದನ್ನು ಹದಿನೇಳು ಸಲ 'ಸದರಿ ಯಂತ್ರ' ಎಂದು ಕರೆಯುತ್ತದೆ, ಅದು ಏನು ಮಾಡುತ್ತದೆಂದು ಒಂದು ಸಲವೂ ಹೇಳುವುದಿಲ್ಲ. ಅದು ಉಕ್ಕಿನ ತಗಡನ್ನು ಒತ್ತಿ ಅಡುಗೆಮನೆಯ ಸಿಂಕ್ ಮಾಡುವ ಪ್ರೆಸ್. ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ನೂರಾ ಅರವತ್ತು ಟನ್ ಭಾರದಲ್ಲಿ ಬಂದು ಕೂರುತ್ತದೆ. ಕೆಲಸಗಾರ ತಗಡನ್ನು ಎರಡೂ ಕೈಯಿಂದ ಒಳಗಿಡಬೇಕು, ಕೈ ಹೊರಗೆ ತೆಗೆಯಬೇಕು, ಆಮೇಲೆ ಕಾಲಿನಿಂದ ಪೆಡಲ್ ಒತ್ತಬೇಕು. ಈ ಕ್ರಮ ತಪ್ಪಿದರೆ ಏನಾಗುತ್ತದೆಂಬುದನ್ನು ಅಲ್ಲಿನ ಹಿರಿಯ ಕೆಲಸಗಾರರ ಅಡ್ಡಹೆಸರೇ ಹೇಳುತ್ತಿತ್ತು. ಅವರನ್ನು ಎಲ್ಲರೂ 'ಎಂಟೂವರೆ' ಎನ್ನುತ್ತಿದ್ದರು. ಅದು ಅವರ ಕೈಯಲ್ಲಿ ಉಳಿದಿದ್ದ ಬೆರಳುಗಳ ಲೆಕ್ಕ. ಆ ಹೆಸರಿಗೆ ಅವರಿಗೆ ಬೇಸರವಿರಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದ ದಿನ ಎರಡೂ ಕೈ ಎತ್ತಿ ತೋರಿಸಿ, "ನೋಡ್ಕೊಳ್ರಪ್ಪಾ, ನಾನೂ ಹತ್ತರಿಂದಲೇ ಶುರು ಮಾಡ್ದೋನು" ಎನ್ನುತ್ತಿದ್ದರು.

ಒಂದೂವರೆ ಬೆರಳು ಹೋದದ್ದು ಪರದೆ ಬರುವುದಕ್ಕೆ ಮೊದಲು. ಹದಿನಾಲ್ಕು ವರ್ಷಗಳ ಹಿಂದೆ ಆ ಪ್ರೆಸ್ಸಿಗೆ ಒಂದು ಕಂಪ್ಯೂಟರ್ ಕೂರಿಸಿ, ಎದುರಿಗೆ ಎರಡು ಕಂಬ ನೆಟ್ಟರು. ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಹಾಯುತ್ತವೆ. ಕೈ ಒಳಗಿದ್ದರೆ ಗೆರೆ ತುಂಡಾಗುತ್ತದೆ; ಗೆರೆ ತುಂಡಾಗಿರುವ ತನಕ ಕಂಪ್ಯೂಟರಿನ ಪ್ರೋಗ್ರಾಂ ಅಚ್ಚನ್ನು ಇಳಿಯಲು ಬಿಡುವುದಿಲ್ಲ. ಕೆಲಸಗಾರರು ಇದನ್ನೇ ಪರದೆ ಎನ್ನುವುದು. ಪರದೆ ಬಂದ ಮೇಲೆ ಆ ಪ್ರೆಸ್ ಒಬ್ಬರ ಉಗುರನ್ನೂ ತಿನ್ನಲಿಲ್ಲ. ಆದರೆ ಪರದೆ ಒಂದು ಅಭ್ಯಾಸವನ್ನೂ ಕಲಿಸಿತು. ಪೆಡಲ್ ಮೇಲಿಂದ ಕಾಲು ತೆಗೆಯುವ ಅಗತ್ಯವೇ ಇರಲಿಲ್ಲ. ಕಾಲು ಒತ್ತಿಕೊಂಡೇ ಇರಲಿ, ಕೈ ಹೊರಗೆ ಬಂದ ಕ್ಷಣಕ್ಕೆ ಅಚ್ಚು ತಾನಾಗಿ ಇಳಿಯುತ್ತಿತ್ತು. ಕೆಲಸ ಚುರುಕಾಗುತ್ತಿತ್ತು. ಹದಿನಾಲ್ಕು ವರ್ಷ ಅವರೆಲ್ಲ ಕಾಲನ್ನು ಪೆಡಲಿನ ಮೇಲೇ ಇಟ್ಟುಕೊಂಡು ಕೆಲಸ ಮಾಡಿದರು. ಈ ಮಾತನ್ನು ದಯವಿಟ್ಟು ಗಮನದಲ್ಲಿಡಿ. ಒಂದು ಸಾವು ಆ ಪಾದದ ಕೆಳಗಿದೆ.

ಇನ್ನು ಕೀಲಿಕೈ. ಅದಕ್ಕೆ ಹಲ್ಲಿಲ್ಲ, ಅದು ತೆರೆಯುವ ಬಾಗಿಲೂ ಇಲ್ಲ. ಕಂಪ್ಯೂಟರಿನ ಬೆನ್ನಿಗೆ, ಹಿಂದಿನ ಕಾಲದಲ್ಲಿ ಪ್ರಿಂಟರ್ ಸಿಕ್ಕಿಸುತ್ತಿದ್ದ ಕಿಂಡಿಗೆ ಚುಚ್ಚುವ ಕಪ್ಪು ಡಬ್ಬಿ ಅದು. ಪ್ರೋಗ್ರಾಂ ಕೆಲವು ಸೆಕೆಂಡಿಗೊಮ್ಮೆ ಅದಕ್ಕೆ ಒಂದು ಪ್ರಶ್ನೆ ಹಾಕುತ್ತದೆ, ಅದು ತನಗೆ ಮಾತ್ರ ಗೊತ್ತಿರುವ ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ, ಅದರ ಜೊತೆಗೆ ಪರದೆಯೂ ಸಾಯುತ್ತದೆ. ಎಂದರೆ, ಕೊಂಡುಕೊಂಡವನು ತಾನು ಕಳ್ಳನಲ್ಲವೆಂದು ಉಸಿರು ಉಸಿರಿಗೂ ರುಜುವಾತು ಕೊಡುತ್ತಿದ್ದರೆ ಮಾತ್ರ ಕೆಲಸಗಾರನ ಕೈ ಅವನ ಮೈಯಲ್ಲಿ ಉಳಿಯುತ್ತದೆ. ಹೀಗೊಂದು ಏರ್ಪಾಟನ್ನು ಯೋಚಿಸಿದ ಬುದ್ಧಿಯ ಮೇಲೆ ನಿಮ್ಮ ಕಚೇರಿ ಯಾವ ಪ್ರಕರಣವನ್ನೂ ದಾಖಲಿಸಿಲ್ಲ.

ಆ ಕೀಲಿಕೈಗೆ ವಯಸ್ಸಾಯಿತು. ಕಿಂಡಿಯೊಳಗೆ ಕೂರುವ ಅದರ ಲೋಹದ ಕಾಲುಗಳು ಕಿಲುಬು ಹಿಡಿದವು. ವಾರಕ್ಕೊಂದು ಸಲ, ಆಮೇಲೆ ದಿನಕ್ಕೊಂದು ಸಲ ಅದು ಉತ್ತರ ಮರೆಯತೊಡಗಿತು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಆಗಿದ್ದ ನನ್ನ ತಮ್ಮ ಮಾಲೀಕರ ಒಪ್ಪಿಗೆ ಪಡೆದು ಕಂಪನಿಗೆ ನಾಲ್ಕು ಪತ್ರ ಬರೆದ. ಪ್ರೋಗ್ರಾಂ ಮಾರಿದ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತ್ತು, ಅದನ್ನು ಮೂರನೆಯದು ನುಂಗಿತ್ತು. ಮೂರನೆಯದರ ಹೊಟ್ಟೆಯಿಂದ ಕೊನೆಗೆ ಒಂದು ಸಾಲಿನ ಉತ್ತರ ಬಂತು: ಈ ಉತ್ಪನ್ನದ ಆಯಸ್ಸು ಮುಗಿದಿದೆ, ಬದಲಿ ಕೀಲಿಕೈ ಕೊಡಲಾಗುವುದಿಲ್ಲ. ಸತ್ತಿದೆ ಎಂದು ಅವರೇ ಬರೆದುಕೊಟ್ಟರು. ಒಂದೂವರೆ ವರ್ಷದ ನಂತರ ಅದೇ ಹೆಣದ ವಾರಸುದಾರರಾಗಿ ನಿಮ್ಮ ಬಳಿಗೆ ದೂರು ತಂದವರೂ ಅವರೇ. ಬದುಕಿದ್ದಾಗ ಗುಟುಕು ನೀರು ಹಾಕದವರು ತಿಥಿಗೆ ಮೊದಲ ಪಂಕ್ತಿಯಲ್ಲಿ ಕೂತ ಹಾಗೆ.

ನನ್ನ ತಮ್ಮ ಮಾಡಿದ್ದು ಇಷ್ಟು. ಕೀಲಿಕೈ ಇನ್ನೂ ಉಸಿರಾಡುತ್ತಿದ್ದಾಗಲೇ ಮೂರು ವಾರ, ಊಟದ ಬಿಡುವಿನಲ್ಲಿ ಕೂತು, ಪ್ರೋಗ್ರಾಂ ಕೇಳುವ ಪ್ರಶ್ನೆಗಳನ್ನೂ ಅದು ಕೊಡುವ ಉತ್ತರಗಳನ್ನೂ ದಾಖಲಿಸಿಕೊಂಡ. ಅದೇ ಪ್ರಶ್ನೆಗೆ ಅದೇ ಉತ್ತರ ಕೊಡುವ ಒಂದು ಚಿಕ್ಕ ಬೋರ್ಡನ್ನು ಮಾಡಿ ಕಪ್ಪು ಡಬ್ಬಿಯೊಳಗಿಟ್ಟ. ಒಂದೇ ಯಂತ್ರಕ್ಕೆ, ಒಂದೇ ಒಂದು. ಮಾರಲಿಲ್ಲ, ಇನ್ನೊಬ್ಬರಿಗೆ ಕೊಡಲಿಲ್ಲ. ಒಂದು ಭಾನುವಾರ ಎರಡನ್ನೂ ಮನೆಗೆ ತಂದು ನನ್ನ ಮೇಜಿನ ಮೇಲಿಟ್ಟ.

"ಅಕ್ಕಾ, ಎರಡೂ ಒಂದೇ ಥರ ಕಾಣ್ತವೆ. ಮೇಲೆ ಏನಂತ ಬರೀಲಿ?"

"ಯಾವುದು ಏನೋ ಅದನ್ನೇ ಬರಿ" ಎಂದೆ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಮೂಲ ಪ್ರತಿಯ ಮೇಲೆ ಅಸಲು ಎಂದೂ, ಅದರಿಂದ ತೆಗೆದದ್ದರ ಮೇಲೆ ನಕಲು ಎಂದೂ ಬರೆಯದೆ ಯಾವ ಕಾಗದವನ್ನೂ ಮೇಜಿನಿಂದ ಆಚೆ ಬಿಡುವವಳಲ್ಲ. ಅವನು ಬಿಳಿ ಬಣ್ಣದಲ್ಲಿ ಕಡ್ಡಿ ಅದ್ದಿ ಒಂದರ ಮೇಲೆ 'ಅಸಲು', ಇನ್ನೊಂದರ ಮೇಲೆ 'ನಕಲು' ಎಂದು ಬರೆದ. ಮಾನ್ಯರೇ, ಕಳ್ಳನೋಟು ಅಚ್ಚು ಹಾಕುವವನು ನೋಟಿನ ಮೇಲೆ ಕಳ್ಳನೋಟು ಎಂದು ಬರೆದದ್ದನ್ನು ನಿಮ್ಮ ಸೇವಾವಧಿಯಲ್ಲಿ ಎಲ್ಲಾದರೂ ಕಂಡಿದ್ದೀರಾ?

ನೀವು ಬಂದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ನಿಮ್ಮವರು ಆರು ಜನ, ಕಾನ್‌ಸ್ಟೇಬಲ್‌ಗಳು ಇಬ್ಬರು. ಮುಂದಿನದ್ದನ್ನು ನಾನು ಕಂಡಿಲ್ಲ. ಕಂಡ ನಾಲ್ವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ನಾಲ್ವರೂ ಹೇಳಿದ್ದಷ್ಟನ್ನೇ ಬರೆಯುತ್ತಿದ್ದೇನೆ. ನಿಮ್ಮ ಒಬ್ಬ ನೌಕರ ಕಂಪ್ಯೂಟರಿನ ವೈರುಗಳನ್ನು ಕಳೆ ಕಿತ್ತ ಹಾಗೆ ಹಿಡಿಹಿಡಿಯಾಗಿ ಕಿತ್ತ. ತಮ್ಮ ಅಡ್ಡ ನಿಂತ. ಮೊಣಕಾಲ ಹಿಂಭಾಗಕ್ಕೆ ಲಾಠಿ ಬಿತ್ತು, ಅವನು ಕುಸಿದ. ಕಾಲರ್ ಹಿಡಿದು ಎಳೆಯುವಾಗ ಅವನ ತಲೆ ಸ್ವಿಚ್‌ಬೋರ್ಡಿನ ಅಂಚಿಗೆ ಬಡಿದು ಕಿವಿ ಹರಿಯಿತು. ಹರಿದ ಕಿವಿಯನ್ನು ಒತ್ತಿ ಹಿಡಿದುಕೊಂಡೇ ಅವನು ನಿಮಗೆ ಹೇಳಿದ್ದು ಇದು:

"ಸಾರ್, ಕಂಪ್ಯೂಟರ್ ತಗೊಂಡೋಗಿ, ನನ್ನನ್ನೂ ಕರ್ಕೊಂಡೋಗಿ. ಆದ್ರೆ ಪ್ರೆಸ್ಸಿಗೂ ಸೀಲ್ ಹಾಕ್ಬಿಡಿ. ಪರದೆ ಇಲ್ದೆ ಅದನ್ನ ಓಡಿಸ್ಬಾರ್ದು."

"ಪರದೆ ಎಳೆಯೋಕೆ ಇದೇನು ನಾಟಕದ ಕಂಪನಿನಾ?" ಎಂದಿರಿ ನೀವು.

ನಿಮ್ಮವರು ನಕ್ಕರು. ಮೇಲಿನವರು ತಮಾಷೆ ಮಾಡಿದಾಗ ಕೆಳಗಿನವರು ನಗಬೇಕಲ್ಲ. ಆಗ ಎಂಟೂವರೆಯವರು ಮುಂದೆ ಬಂದರು. "ಸಾಹೇಬ್ರೇ, ಅವನು ಹೇಳೋದು ಒಂಚೂರು ಕೇಳಿ. ಅದು ಬಟ್ಟೆ ಪರದೆ ಅಲ್ಲ" ಎಂದರು. ನಿಮ್ಮ ಕಾನ್‌ಸ್ಟೇಬಲ್ ಲಾಠಿಯ ತುದಿಯನ್ನು ಅವರ ಎದೆಗೆ ಊರಿ ಹಿಂದಕ್ಕೆ ತಳ್ಳಿದ. "ನಿಂದೇನೋ ಮುದುಕಾ, ಹೋಗಿ ನಿನ್ನ ಬೆರಳು ಎಣಿಸ್ಕೋ ಹೋಗು" ಎಂದ. ಅರವತ್ತರ ಹತ್ತಿರದ ಮನುಷ್ಯ, ಸುಮ್ಮನೆ ಹಿಂದಕ್ಕೆ ಸರಿದರು. ಹೊರಡುವ ಮುಂಚೆ ನೀವು ನಿಮ್ಮ ಕೈಯಾರೆ ಒಂದು ಸಾಲು ಬರೆದು ಸೂಪರ್‌ವೈಸರನ ಕೈಗೆ ಕೊಟ್ಟಿರಿ: 'ಸದರಿ ಯಂತ್ರದ ಉತ್ಪಾದನೆಗೆ ಈ ಕಚೇರಿಯಿಂದ ಯಾವುದೇ ಅಡ್ಡಿ ಇರುವುದಿಲ್ಲ.' ಉದಾರ ಮನಸ್ಸು. ಯಂತ್ರಕ್ಕೆ ಕಣ್ಣು ಕಿತ್ತು, ಇನ್ನು ಓಡಬಹುದು ಎಂದು ಬೆನ್ನು ತಟ್ಟಿದಿರಿ.

ಆ ಮಧ್ಯಾಹ್ನ ತಮ್ಮನ ಹೇಳಿಕೆ ಬರೆಸಿಕೊಂಡರು. ನಿಮ್ಮ ಕಚೇರಿಯ ಹಿಂದಿನ ಕೋಣೆ, ಒಂದು ಮರದ ಮೇಜು, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ಅವನು ಹೇಳಿದ್ದು: ಹಾಳಾಗುತ್ತಿದ್ದ ಕೀಲಿಕೈಯ ನಕಲು ಮಾಡಿದ್ದೇನೆ. ನಿಮ್ಮವರು ಬರೆದದ್ದು: ನಕಲಿ ಕೀಲಿಕೈ ತಯಾರಿಸಿದ್ದೇನೆ. ಸಹಿ ಹಾಕುವ ಮುಂಚೆ ಅವನು ಓದಿದ. ಅಕ್ಕನ ಚಾಳಿ ತಮ್ಮನಿಗೂ ಅಂಟಿತ್ತು.

"ಸಾರ್, ಇಲ್ಲಿ ಲಿ ಅಲ್ಲ, ಲು. ಅದರ ಮೇಲೆ ನಾನೇ ಬರ್ದಿದೀನಿ, ನೋಡಿ."

"ಏನೋ, ನನಗೇ ಕಾಗುಣಿತ ಕಲಿಸ್ತೀಯಾ?" ಎಂದು ಬರೆದುಕೊಳ್ಳುತ್ತಿದ್ದವನು ಎದ್ದ. ತಮ್ಮನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು, ಬೀಟೆ ಮರದ ರೂಲರನ್ನು ಚಪ್ಪಟೆಯಾಗಿ ಅಲ್ಲ, ಅಂಚಿನ ಮೇಲೆ ನಿಲ್ಲಿಸಿ ಹೊಡೆದ. ಒಂದು ಏಟಿಗೆ ಒಂದು ಅಕ್ಷರ ಹೇಳಿಸಿದ. ನ, ಕ, ಲಿ. ಲು ಎಂದಾಗಲೆಲ್ಲ ಮೊದಲಿನಿಂದ. ತೋರುಬೆರಳು, ನಡುಬೆರಳು ಎರಡೂ ಮುರಿದವು. ಆರೋಪಪಟ್ಟಿಯ ಹತ್ತೊಂಬತ್ತನೆಯ ಪುಟದಲ್ಲಿ ಅವನ ಸಹಿ ಇದೆ, ನೋಡಿ. ಗೆರೆ ಮೂರು ಕಡೆ ಬಿಟ್ಟುಹೋಗಿದೆ, ಕೊನೆಯಲ್ಲಿ ಕಾಗದ ಹರಿದಿದೆ. 'ಸ್ವಇಚ್ಛೆಯಿಂದ' ಎಂಬ ಪದ ಅದರ ಸರಿ ಮೇಲಿದೆ.

ನಮ್ಮ ಲಿಪಿಯಲ್ಲಿ ಆ ಎರಡು ಪದಗಳ ನಡುವೆ ಇರುವುದು ಒಂದು ಕೊಂಬು, ಒಂದು ಗುಡಿಸು. ಲಕಾರಕ್ಕೆ ಕೊಂಬು ಕೊಟ್ಟರೆ ನಕಲು, ಮೂಲದಂತೆಯೇ ಇರುವುದು. ಗುಡಿಸು ಕೊಟ್ಟರೆ ನಕಲಿ, ಮೂಲವೆಂದು ಸುಳ್ಳು ಹೇಳುವುದು. ಬರೆಯುವವನಿಗೆ ಪೆನ್ನಿನ ಒಂದು ತಿರುವು. ನಿಮ್ಮವರು ಕೊಂಬು ಮುರಿದು ಗುಡಿಸು ಹಾಕಿದರು, ಆಮೇಲೆ ಆ ಗುಡಿಸಿನಿಂದಲೇ ನಮ್ಮನ್ನು ಗುಡಿಸಿಹಾಕಿದರು. ಅಕ್ಷರ ತಪ್ಪಿಗೆ ಯಾರೂ ಸಾಯುವುದಿಲ್ಲ ಎಂದು ನಮ್ಮ ಮುದ್ರಣಾಲಯದಲ್ಲಿ ಹೊಸ ಹುಡುಗಿಯರಿಗೆ ನಾನೇ ಧೈರ್ಯ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಗುರುವಾರ ಏನಾಯಿತೆಂಬುದು ನಿಮ್ಮ ವರದಿಯಲ್ಲಿ ಒಂದೂವರೆ ಸಾಲು. ನಾನು ಸ್ವಲ್ಪ ವಿಸ್ತರಿಸುತ್ತೇನೆ. ಕಂಪ್ಯೂಟರ್ ಇಲ್ಲದಿದ್ದರೂ ಆ ಪ್ರೆಸ್ಸನ್ನು ಓಡಿಸಲು ಒಂದು ದಾರಿಯಿದೆ: ದುರಸ್ತಿ ಚಾಲನೆ. ಅಚ್ಚು ಬದಲಾಯಿಸುವಾಗ ಹತ್ತು ನಿಮಿಷದ ಮಟ್ಟಿಗೆ ಬಳಸುವುದು. ಅದರಲ್ಲಿ ಪರದೆ ಕೆಲಸ ಮಾಡುವುದಿಲ್ಲ. ಅದರ ಸ್ವಿಚ್ಚು ಸೂಪರ್‌ವೈಸರನ ವಶದಲ್ಲಿರುತ್ತದೆ. ಪರದೆಯಿಲ್ಲದೆ ಕೆಲಸ ಮಾಡುವುದಿಲ್ಲವೆಂದು ಬುಧವಾರವಿಡೀ ಕೆಲಸಗಾರರು ಕೂತರು. ಗುರುವಾರ ಸೂಪರ್‌ವೈಸರ್ ನಿಮ್ಮ ಚೀಟಿಯನ್ನು ಜೇಬಿನಿಂದ ತೆಗೆದು ಒಬ್ಬೊಬ್ಬರಿಗೂ ತೋರಿಸಿದ. "ಸಾಹೇಬ್ರೇ ಬರ್ಕೊಟ್ಟಿದ್ದಾರೆ, ಅಡ್ಡಿ ಇಲ್ಲ ಅಂತ. ನಿಮಗೇನ್ರೋ ಅಡ್ಡಿ?" ಉಳಿದವರು ಗೊಣಗಿದರು. ಎಂಟೂವರೆಯವರು, "ಆಯ್ತು, ನಾನೇ ನಿಲ್ತೀನಿ. ಈ ಹುಡುಗರಿಗೆ ಪರದೆ ಇಲ್ದೆ ಕೆಲಸ ಮಾಡೇ ಗೊತ್ತಿಲ್ಲ. ನಾನು ಅದಿಲ್ದ ಕಾಲಾನೂ ನೋಡಿದೀನಿ" ಎಂದರು. ತಲೆಗೆ ಗೊತ್ತಿತ್ತು. ಕಾಲಿಗೆ ಮರೆತುಹೋಗಿತ್ತು.

ಮಧ್ಯಾಹ್ನ ಎರಡು ನಲವತ್ತರ ಸುಮಾರಿಗೆ ಒಂದು ತಗಡು ಅಚ್ಚಿನಲ್ಲಿ ಓರೆಯಾಗಿ ಕೂತಿತು. ಅದನ್ನು ನೇರ ಮಾಡಲು ಅವರು ಎರಡೂ ಕೈ ಒಳಗೆ ಹಾಕಿದರು. ಹದಿನಾಲ್ಕು ವರ್ಷದ ಅಭ್ಯಾಸದಂತೆ ಪಾದ ಪೆಡಲಿನ ಮೇಲೇ ಕೂತಿತು. ಎದುರು ನಿಂತು ತಗಡು ಹಿಡಿಯುತ್ತಿದ್ದವನು ನನಗೆ ಹೇಳಿದ ಮಾತನ್ನು ಒಂದಕ್ಷರ ಬದಲಿಸದೆ ಕೊಡುತ್ತೇನೆ: "ಶಬ್ದ ಬೇರೆ ಆಗ್ಲಿಲ್ಲ ಅಕ್ಕಾ. ದಿನಾ ಬರೋ ಶಬ್ದಾನೇ ಬಂತು. ನಾನು ಮುಂದಿನ ತಗಡು ಎತ್ಕೊಂಡೆ. ಆಮೇಲೆ ನೋಡಿದ್ರೆ ಅವರು ಇನ್ನೂ ಬಗ್ಗೇ ಇದ್ರು." ಅಚ್ಚು ಎರಡೂ ಮುಂಗೈಗಳ ಮೇಲೆ ಕೂತಿತ್ತು. ದುರಸ್ತಿ ಚಾಲನೆಯಲ್ಲಿ ಅದು ಮೇಲೇಳುವುದು ಬಹಳ ನಿಧಾನ. ಸೂಪರ್‌ವೈಸರ್ ಗಾಬರಿಯಲ್ಲಿ ಮೊದಲು ತಪ್ಪು ಗುಂಡಿ ಒತ್ತಿದ, ಅಚ್ಚು ಇನ್ನಷ್ಟು ಒತ್ತಿತು. ಮೇಲೆದ್ದಾಗ ಕೆಳಗಿನ ಅಚ್ಚಿನಲ್ಲಿ ಸಿಂಕಿನ ಆಕಾರ ಸರಿಯಾಗಿ ಮೂಡಿತ್ತು. ಅದರೊಳಗೆ ಕೈ ಎಂದು ಹೇಳಬಹುದಾದದ್ದು ಏನೂ ಉಳಿದಿರಲಿಲ್ಲ. ರಕ್ತ ಸಿಂಕಿನ ನೀರು ಹೋಗುವ ತೂತಿನಿಂದ ಕೆಳಗೆ ಇಳಿಯುತ್ತಿತ್ತು. ಆಸ್ಪತ್ರೆಯ ದಾರಿಯಲ್ಲಿ, ವ್ಯಾನಿನಲ್ಲಿ ಅವರು ಸತ್ತರು. ಕೆಲಸಗಾರರು ಸೂಪರ್‌ವೈಸರನನ್ನು ಅಂಗಳಕ್ಕೆ ಎಳೆದು ತಂದು ಕಬ್ಬಿಣದ ಪಟ್ಟಿಗಳಿಂದ ಬಡಿದರು. ಅವನ ದವಡೆ ಎರಡು ಕಡೆ ಮುರಿದಿದೆ, ಒಂದು ಕಣ್ಣು ಹೋಗಿದೆ. ಬಡಿಯುತ್ತಿದ್ದಾಗಲೂ ಅವನು ಆ ಚೀಟಿಯನ್ನು ಎತ್ತಿ ಹಿಡಿದಿದ್ದನಂತೆ. ಈ ಹೊಡೆತವನ್ನು ನಾನು ಸಮರ್ಥಿಸುವುದಿಲ್ಲ. ಅವನ ಮೇಲೆ ಬಿದ್ದ ಏಟು ಯಾರ ಪಾಲಿನದು ಎಂದಷ್ಟೇ ಕೇಳುತ್ತೇನೆ.

ಶುಕ್ರವಾರ ಮಣ್ಣಾಯಿತು. ಅಲ್ಲಿಗೂ ನಿಮ್ಮ ಕಚೇರಿಯ ಒಬ್ಬರು ಬಂದು ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ನಕಲಿ ಕೀಲಿಕೈ ಹಾಕಿದ್ರಮ್ಮಾ ಆ ಯಂತ್ರಕ್ಕೆ. ಅದಕ್ಕೇ ಹೀಗಾಗಿದ್ದು" ಎಂದು ಹೇಳಿ ಹೋದರು. ಒಂದು ಪದ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟು ಬೇಗ ನಡೆಯುತ್ತದೆ ನೋಡಿ. ಶನಿವಾರ ಬೆಳಿಗ್ಗೆ ಆ ಅತ್ತಿಗೆ ನನ್ನ ಬಾಗಿಲಿಗೆ ಬಂದರು. ಹಾಗೆಂದೇ ನಾನು ಅವರನ್ನು ಕರೆಯುತ್ತಿದ್ದುದು. ನನ್ನ ತಮ್ಮ ಹನ್ನೊಂದು ವರ್ಷ ಅವರ ಡಬ್ಬಿಯಲ್ಲಿ ಊಟ ಹಂಚಿಕೊಂಡಿದ್ದಾನೆ. ಒಳಗೆ ಬನ್ನಿ ಎನ್ನುವಷ್ಟರಲ್ಲಿ ನನ್ನ ಕೂದಲು ಅವರ ಕೈಯಲ್ಲಿತ್ತು.

"ನಿನ್ನ ತಮ್ಮನ ಕೈಗೆ ಅನ್ನ ಹಾಕ್ದೆನಲ್ಲೇ. ಆ ಕೈಯಲ್ಲೇ ನಕಲಿ ಸಾಮಾನು ಹಾಕಿ ನನ್ನ ಗಂಡನ್ನ ಅರೆದುಬಿಟ್ಟನಲ್ಲೇ."

ತಲೆಯನ್ನು ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿದರು. ಹಣೆಗೆ ಏಳು ಹೊಲಿಗೆ ಬಿದ್ದಿವೆ. ನಾನು ಕೈ ಎತ್ತಲಿಲ್ಲ. ನಕಲಿ ಅಲ್ಲ ಅತ್ತಿಗೆ, ನಕಲು ಎಂದು ಹೇಳಬೇಕೆನಿಸಿತು. ಗಂಡನ ಕೈಗಳಿಲ್ಲದ ಹೆಣವನ್ನು ಮಣ್ಣು ಮಾಡಿ ಬಂದವರಿಗೆ ಕಾಗುಣಿತ ಹೇಳಿಕೊಡುವ ಧೈರ್ಯ ನನಗಿಲ್ಲ. ಆ ಧೈರ್ಯ ರೂಲರ್ ಹಿಡಿದವರಿಗೇ ಇರಲಿ. ಅದಾದ ಎರಡನೆಯ ದಿನ, ಸೋಮವಾರ, ಜೈಲಿನ ಜಾಲರಿಯ ಆಚೆ ತಮ್ಮ ನನ್ನ ಹಣೆ ನೋಡಿ ಯಾರು ಎಂದು ಕೇಳಲಿಲ್ಲ. ಊಹಿಸಿದ. "ಅತ್ತಿಗೆ ಊಟ ಮಾಡ್ತಿದ್ದಾರಾ?" ಎಂದಷ್ಟೇ ಕೇಳಿದ. ಆಮೇಲೆ, "ನಾನೇ ಕೊಂದೆ ಅಂತ ಅವರು ಅಂದ್ಕೊಂಡಿರೋವರೆಗೂ ನನ್ನ ಬಿಡಿಸ್ಬೇಡ ಅಕ್ಕಾ" ಎಂದ. ಅವನಿಗೆ ಬೇಕಾದದ್ದು ಬಿಡುಗಡೆ ಅಲ್ಲ. ತಾನು ಕೊಲ್ಲಲಿಲ್ಲವೆಂದು ಒಬ್ಬ ಹೆಂಗಸಿಗೆ ತಿಳಿಯಬೇಕು. ಅದನ್ನು ತಿಳಿಸುವ ಕಾಗದ ಇರುವುದು ನಿಮ್ಮ ಕಪಾಟಿನಲ್ಲಿ.

ನಾನು ಜೋರಾಗಿ ಮಾತನಾಡಿ ಅಭ್ಯಾಸವಿಲ್ಲದವಳು. ಆದರೂ ಈ ಎರಡು ತಿಂಗಳಲ್ಲಿ, ನಿಮ್ಮನ್ನು ಆ ಪ್ರೆಸ್ಸಿನ ಮುಂದೆ ನಿಲ್ಲಿಸಿ, ನೀವು ಅಡ್ಡಿಯಿಲ್ಲ ಎಂದು ಬರೆದ ಬಲಗೈಯನ್ನು ಮೊಣಕೈವರೆಗೆ ಒಳಗಿಟ್ಟು, ಪೆಡಲಿನ ಮೇಲೆ ನನ್ನ ಕಾಲು ಊರುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಮೂಳೆ ಮುರಿಯುವ ಶಬ್ದ ಕೇಳುವುದಿಲ್ಲ. ದಿನಾ ಬರುವ ಶಬ್ದವೇ ಬರುತ್ತದೆ. ಇದನ್ನು ಮುಚ್ಚಿಟ್ಟು ಈ ಪತ್ರವನ್ನು ಸಭ್ಯವಾಗಿ ಮುಗಿಸಬಹುದಿತ್ತು. ಆದರೆ ನಮ್ಮಂಥವರೊಳಗೆ ನೀವು ಏನನ್ನು ಬಿತ್ತಿದ್ದೀರೆಂದು ನಿಮಗೆ ತಿಳಿದಿರಲಿ.

ಈಗ ಆರೋಪಪಟ್ಟಿ. ಅದರ ಪ್ರತಿಯನ್ನು ನಿಮ್ಮ ಕಚೇರಿಯೇ ನಮಗೆ ಕೊಟ್ಟಿತು. ಪ್ರತಿ ಪುಟದ ಮೂಲೆಯಲ್ಲೂ ನಿಮ್ಮ ಮೊಹರಿದೆ: 'ನಕಲು. ಮೂಲಕ್ಕೆ ಸರಿಯಾಗಿದೆ.' ಅರವತ್ತೊಂದು ಸಲ. ನೋಡಿದಿರಾ, ಕೊಂಬು ಎಲ್ಲಿ ಹಾಕಬೇಕೆಂದು ನಿಮ್ಮ ಮೊಹರಿಗೆ ಚೆನ್ನಾಗಿ ಗೊತ್ತಿದೆ. ಅಥವಾ ಇದನ್ನೂ ನಕಲಿ ಆರೋಪಪಟ್ಟಿ ಎಂದು ನಾವು ಓದಿಕೊಳ್ಳಬೇಕೋ? ಮೂಲ ಹಾಳಾಗಬಹುದು, ಕಳೆಯಬಹುದು, ಆದ್ದರಿಂದ ಅದರಂತೆಯೇ ಇರುವ ಇನ್ನೊಂದು ಬೇಕು ಎಂಬ ವಿವೇಕ ನಿಮ್ಮ ಕಾಗದಕ್ಕೆ ಅನ್ವಯಿಸುತ್ತದೆ, ಒಬ್ಬ ಕೆಲಸಗಾರನ ಕೈ ಕಾಯುವ ವಸ್ತುವಿಗೆ ಅನ್ವಯಿಸುವುದಿಲ್ಲ, ಅಲ್ಲವೇ?

ನಾನು ಓದುವುದನ್ನು ಕಸುಬಾಗಿ ಮಾಡಿಕೊಂಡವಳು, ಹಾಗಾಗಿ ನಲವತ್ತಮೂರನೆಯ ಪುಟದಲ್ಲಿ ನಿಂತೆ. ಅದು ಆ ಕಂಪ್ಯೂಟರಿನ ಪ್ರೋಗ್ರಾಮಿನಿಂದಲೇ ಮುದ್ರಿಸಿದ ಹಾಳೆ. ನನ್ನ ತಮ್ಮನ ವಸ್ತು ಮೂಲ ಕೀಲಿಕೈಯಂತೆ ಸೋಗು ಹಾಕುತ್ತದೆಂದು ತೋರಿಸಲು ಅದನ್ನು ಸೇರಿಸಿದ್ದೀರಿ. 'ಕೀಲಿಕೈ ಸರಿಯಾಗಿದೆ' ಎಂಬರ್ಥದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೀರಿ. ಆ ಗೆರೆ ಎಳೆದವರು ಇನ್ನು ನಾಲ್ಕು ಬೆರಳು ಕೆಳಗೆ ನೋಡಬೇಕಿತ್ತು. ಪುಟದ ಅಡಿಯಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಮುದ್ರಿಸಿದ ದಿನ ಮತ್ತು ಹೊತ್ತು ಇದೆ. ಅತ್ತಿಗೆ ನನ್ನ ತಲೆ ಬಡಿದ ಅದೇ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ.

ಕೀಲಿಕೈಯನ್ನು ಮಂಗಳವಾರವೇ ಚೀಲಕ್ಕೆ ಹಾಕಿ ಮೊಹರು ಮಾಡಿದ್ದೇವೆ, ನ್ಯಾಯಾಲಯದ ಮುಂದಲ್ಲದೆ ತೆರೆಯತಕ್ಕದ್ದಲ್ಲ ಎಂದು ಒಂಬತ್ತನೆಯ ಪುಟ ಹೇಳುತ್ತದೆ. ಮೂಲ ಕೀಲಿಕೈ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂದು ಹನ್ನೆರಡನೆಯ ಪುಟ ಹೇಳುತ್ತದೆ. ಕೀಲಿಕೈ ಇಲ್ಲದೆ ಆ ಪ್ರೋಗ್ರಾಂ ತೆರೆಯುವುದೇ ಇಲ್ಲ ಎಂದು ಇಪ್ಪತ್ತೆರಡನೆಯ ಪುಟ ಹೇಳುತ್ತದೆ. 'ಸದರಿ ನಕಲಿ ಕೀಲಿಕೈಯನ್ನು ಯಾರೇ ಬಳಸಿದರೂ ಅದು ಅಪರಾಧ' ಎಂದು ಐವತ್ತನೆಯ ಪುಟ ಹೇಳುತ್ತದೆ. ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಓದಿ. ಶನಿವಾರ ಚೀಲ ಬಿಚ್ಚಿ, ನನ್ನ ತಮ್ಮ ಮಾಡಿದ ಕೀಲಿಕೈಯನ್ನು ಚುಚ್ಚಿ, ಪ್ರೋಗ್ರಾಂ ತೆರೆದು, ಹಾಳೆ ಮುದ್ರಿಸಿ, ಮತ್ತೆ ಅರಗು ಹಾಕಿದವರು ನಿಮ್ಮ ಕಚೇರಿಯವರು. ಅದು ಕೆಲಸ ಮಾಡಿತು. ಯಾರನ್ನೂ ಕೊಲ್ಲಲಿಲ್ಲ.

ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: ಐದರಲ್ಲಿ ಎರಡನೆಯ ಪುಟ. ಆ ಪ್ರೋಗ್ರಾಂ ಮುದ್ರಿಸಲು ಹೇಳಿದಾಗಲೆಲ್ಲ ಐದೂ ಪುಟಗಳನ್ನು ಒಟ್ಟಿಗೇ ಉಗುಳುತ್ತದೆಂದು ತಮ್ಮ ಹೇಳುತ್ತಾನೆ. ಮೊದಲನೆಯದು ಹೆಸರು, ವಿಳಾಸ. ಎರಡನೆಯದು ಕೀಲಿಕೈ. ಉಳಿದ ಮೂರು ಪರದೆಯ ದಿನಚರಿ: ಹಿಂದಿನ ಮೂವತ್ತು ದಿನಗಳಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಕೈ ಅಡ್ಡ ಬಂತು, ಎಷ್ಟು ಸಲ ಅಚ್ಚು ತಡೆಯಿತು. ಅದರಲ್ಲಿ ನೀವು ಬರುವ ತನಕದ ಎಲ್ಲ ದಿನವೂ ಪ್ರೆಸ್ ನಡೆದದ್ದು ನಕಲು ಕೀಲಿಕೈಯಿಂದ. ನೀವು ಬರುವ ಹಿಂದಿನ ದಿನ ಒಂದರಲ್ಲೇ ಪರದೆ ನಾಲ್ಕು ಸಲ ತಡೆದದ್ದನ್ನು ತಮ್ಮ ಕಣ್ಣಾರೆ ಕಂಡಿದ್ದಾನೆ. ಅದರಲ್ಲಿ ಎರಡು ಸಲ ಒಳಗಿದ್ದ ಕೈ ಎಂಟೂವರೆಯವರದು. ಮಂಗಳವಾರ ಹನ್ನೊಂದು ಗಂಟೆಗೆ ಆ ದಿನಚರಿ ನಿಲ್ಲುತ್ತದೆ. ಕೊಂದದ್ದು ಆ ಕೀಲಿಕೈ ಇದ್ದದ್ದೋ, ಅದನ್ನು ಕಿತ್ತದ್ದೋ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಐದು ಪುಟ ಕೈಗೆ ಬಂದಾಗ ಒಂದನ್ನು ಇಟ್ಟುಕೊಂಡಿರಿ. ಮೂರು ಪುಟ ಎಲ್ಲಿ, ಮಾನ್ಯರೇ?

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ಆ ಮೂರು ಪುಟಗಳನ್ನು ನ್ಯಾಯಾಲಯದ ಮೇಜಿನ ಮೇಲಿಡಿ, ಅತ್ತಿಗೆ ಮುಂದಿನ ಸಾಲಿನಲ್ಲಿ ಕೂತಿರುವಾಗ ಗಟ್ಟಿಯಾಗಿ ಓದಿಸಿ. ಹತ್ತೊಂಬತ್ತನೆಯ ಪುಟದಲ್ಲಿ ತಮ್ಮ ಹೇಳಿದ ಅಕ್ಷರವನ್ನು ಹಾಕಿಸಿ. ಪುಟಗಳು ಕಳೆದಿವೆ ಎನ್ನುವುದಾದರೆ ಮತ್ತೆ ಮುದ್ರಿಸಬಹುದು. ಕಂಪ್ಯೂಟರ್ ನಿಮ್ಮಲ್ಲೇ ಇದೆ, ಕೀಲಿಕೈಯೂ ನಿಮ್ಮಲ್ಲೇ ಇದೆ. ಅದನ್ನು ಚುಚ್ಚುವುದು ಅಪರಾಧವೆಂದರೆ, ಶನಿವಾರ ಚುಚ್ಚಿದವರನ್ನೂ ಚುಚ್ಚಲು ಹೇಳಿದವರನ್ನೂ ನನ್ನ ತಮ್ಮನ ಪಕ್ಕ ಕಟಕಟೆಯಲ್ಲಿ ನಿಲ್ಲಿಸಿ. ಅವನು ಸರಿದು ಜಾಗ ಕೊಡುತ್ತಾನೆ. ಅಪರಾಧವಲ್ಲವೆಂದರೆ ಅವನನ್ನು ಮನೆಗೆ ಕಳಿಸಿ. ಪುಟಗಳನ್ನು ಹರಿದು ಹಾಕಿದ್ದೀರೆಂದರೆ ಅದನ್ನಾದರೂ ಬರೆದುಕೊಡಿ. ಹರಿದವರಿಗೆ ಇನ್ನೂ ಎರಡು ಕೈ ಇವೆಯಲ್ಲ.

ಇಂತಿ,
ನಿಮ್ಮ ಅರವತ್ತೊಂದು ಪುಟಗಳಲ್ಲಿ ನೂರಾ ಹನ್ನೆರಡು ಅಕ್ಷರದೋಷ ಗುರುತು ಹಾಕಿ, ಒಂದನ್ನು ಮಾತ್ರ ತಿದ್ದಿಕೊಡಿ ಎಂದು ಕೇಳುತ್ತಿರುವ
ಆರೋಪಿಯ ಅಕ್ಕ